ಎಷ್ಟು ಕೊಡುತ್ತೆ ಮೇಷ್ಟ್ರೇ?

ಕೆಟ್ಟು ನಿಲ್ಲದ ಕಾರು ಇಟ್ಟುಕೊಂಡವನಿಗೆ ನೆಂಟರಿಷ್ಟರ ನಡುವೆ ಮಾತಾಡಲು ವಿಷಯವೇ ಇರುವುದಿಲ್ಲ. ನನ್ನ ಷಡ್ಡಕರಿಗೆ ಈ ಕಷ್ಟ ಗೊತ್ತಿಲ್ಲ. ಅವರದು ದೊಡ್ಡ ಡೀಸೆಲ್ ಗಾಡಿ. ಮದುವೆಮನೆಯ ಪಂಕ್ತಿಯಲ್ಲಿ ಉಪ್ಪು, ಉಪ್ಪಿನಕಾಯಿ ಬಡಿಸುವಾಗಲೇ ಅವರು ಶುರು ಹಚ್ಚಿಕೊಳ್ಳುತ್ತಾರೆ: “ಶಿರಾಡಿ ಘಾಟಿ. ರಾತ್ರಿ ಹನ್ನೊಂದು ಗಂಟೆ. ಮಳೆ ಅಂದ್ರೆ ಎಂಥ ಮಳೆ! ಟರ್ಬೊ ಹೋಯ್ತು ನೋಡಿ.” ಅನ್ನ ಬರುತ್ತದೆ, ಸಾರು ಬರುತ್ತದೆ, ಟೋಯಿಂಗ್ ಗಾಡಿ ಮಾತ್ರ ಬರುವುದಿಲ್ಲ. ಬಡಿಸುವವರೂ ಬಕೆಟ್ ಹಿಡಿದು ನಿಂತು ಕೇಳುತ್ತಾರೆ. ಹೋಳಿಗೆಯ ಹೊತ್ತಿಗೆ ಷಡ್ಡಕರು ನೆಲ್ಯಾಡಿ ತಲುಪಿದಾಗ ಪಂಕ್ತಿಗೆ ಪಂಕ್ತಿಯೇ ನಿಟ್ಟುಸಿರು ಬಿಡುತ್ತದೆ. ಆಮೇಲೆ ಯಾರೋ ಒಬ್ಬರು ದಾಕ್ಷಿಣ್ಯಕ್ಕೆ ನನ್ನ ಕಡೆ ತಿರುಗಿ, “ನೀವು ಹ್ಯಾಗೆ ಬಂದ್ರಿ ಮೇಷ್ಟ್ರೇ?” ಎನ್ನುತ್ತಾರೆ. “ಕಾರಲ್ಲಿ.” “ದಾರೀಲಿ ತೊಂದರೆ ಏನಾದ್ರೂ?” “ಏನಿಲ್ಲ.” ಅಷ್ಟೇ. ಮಜ್ಜಿಗೆ ಬರುತ್ತದೆ.

ನನ್ನದು ಆಲ್ಟೊ 800. ಕೀಲಿ ತಿರುಗಿಸಿದರೆ ಹೊರಡುತ್ತದೆ, ತಿರುಗಿಸಿದರೆ ನಿಲ್ಲುತ್ತದೆ. 796 ಸಿಸಿ, ಮೂರೇ ಸಿಲಿಂಡರ್. ಹಾಸನದ ಚಳಿಯಲ್ಲಿ ಬೆಳಿಗ್ಗೆ ಆರಕ್ಕೂ ಗೊಣಗುವುದಿಲ್ಲ. ಇದರ ಮೇಲೆ ಕಥೆ ಕಟ್ಟುವುದು ಹೇಗೆ? ಹಿಂದೆ ಹೀಗಿರಲಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಕಾರು ಇಟ್ಟುಕೊಂಡವರ ಮನೆಯಲ್ಲಿ ತಳ್ಳುವುದಕ್ಕೆ ಒಂದು ಪಡೆಯೇ ತಯಾರಿರುತ್ತಿತ್ತು. ನಮ್ಮ ಬೀದಿಯ ವಕೀಲರ ಪದ್ಮಿನಿಯನ್ನು ತಳ್ಳಿಯೇ ನನ್ನ ತೊಡೆಗಳು ಬಲಿತದ್ದು. ವಕೀಲರು ಕೋರ್ಟಿಗೆ ಹೊರಟರೆಂದರೆ ನಾವು ಹುಡುಗರು ಪುಸ್ತಕ ಬಿಸಾಕಿ ಓಡುತ್ತಿದ್ದೆವು. ಗಾಡಿ ಢರ್ರೆಂದು ಹೊತ್ತಿಕೊಂಡು ಮುಖಕ್ಕೆ ಹೊಗೆ ಉಗುಳಿದಾಗ ಸಿಗುತ್ತಿದ್ದ ಧನ್ಯತೆ ಆಮೇಲೆ ನನಗೆ ಬಿ.ಎಡ್. ಪಾಸಾದಾಗಲೂ ಸಿಗಲಿಲ್ಲ. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು ಹರ್ಪಾಲ್ ಸಿಂಗ್ ಎಂಬವರ ಕೈಗೆ ಕೊಟ್ಟರಲ್ಲ, ಈ ದೇಶದಲ್ಲಿ ಕಾರು ತಳ್ಳುವ ವಿದ್ಯೆಗೆ ಗ್ರಹಚಾರ ಹಿಡಿದದ್ದು ಅವತ್ತೇ. ಆ 800ರ ತಯಾರಿಕೆ ಮೂವತ್ತು ವರ್ಷ ನಡೆದು 2014ರಲ್ಲಿ ನಿಂತಿತು. ಅಷ್ಟರಲ್ಲಿ ಅದರ ತಮ್ಮ ಆಲ್ಟೊ ಬಂದು ಅದೇ ನೀಯತ್ತನ್ನು ಮುಂದುವರಿಸಿತ್ತು.

ಕಾರು ತೊಂದರೆ ಕೊಡಲಿಲ್ಲವಾಗಿ, ಆ ಕೊರತೆಯನ್ನು ನಾನೇ ತುಂಬಿಕೊಡಬೇಕಾಯಿತು.

ಇದಕ್ಕೆಲ್ಲ ಮೂಲ ಒಂದು ಪ್ರಶ್ನೆ. ಹೊಸ ಕಾರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಮನೆಗೆ ತಂದ ದಿನ ಪಕ್ಕದ ಮನೆಯ ನಿವೃತ್ತ ತಹಶೀಲ್ದಾರರು ಬಂದರು. ಬಣ್ಣ ನೋಡಲಿಲ್ಲ, ಬೆಲೆ ಕೇಳಲಿಲ್ಲ. “ಎಷ್ಟು ಕೊಡುತ್ತೆ ಮೇಷ್ಟ್ರೇ?” ಎಂದರು. ನಮ್ಮಜ್ಜ ಜಾತ್ರೆಯಲ್ಲಿ ಹಸುವಿನ ಬೆನ್ನು ತಟ್ಟಿ ಕೇಳುತ್ತಿದ್ದದ್ದೂ ಇದೇ ಮಾತು, ಇದೇ ರಾಗ. ಹಸು ಮಾರುವವನು ಹೇಗೆ ಒಂದೆರಡು ಲೀಟರ್ ಸೇರಿಸಿ ಹೇಳುತ್ತಾನೋ ಹಾಗೇ ನಾನೂ, “ಇಪ್ಪತ್ತೆರಡು ಮುಕ್ಕಾಲು” ಎಂದುಬಿಟ್ಟೆ. ಸುಳ್ಳೇನಲ್ಲ. ಕಂಪನಿಯವರು 2012ರಲ್ಲಿ ಆಲ್ಟೊ 800 ಬಿಟ್ಟಾಗ ಲೀಟರಿಗೆ 22.74 ಕಿ.ಮೀ. ಎಂದೇ ಪ್ರಕಟಿಸಿದ್ದರು. ತಹಶೀಲ್ದಾರರು ಹುಬ್ಬು ಹಾರಿಸಿ, “ನೋಡೋಣ” ಎಂದು ಹೊರಟುಹೋದರು. ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದವರ ಬಾಯಲ್ಲಿ ‘ನೋಡೋಣ’ ಅಂದರೆ ಏನು ಎಂಬುದು ಅರ್ಜಿ ಹಾಕಿದವರಿಗೆ ಗೊತ್ತು.

ಆ 22.74 ನನ್ನ ತಲೆಯಲ್ಲಿ ಮನೆ ಮಾಡಿತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ದಶಮಾಂಶದ ನಂತರ ಎರಡು ಸ್ಥಾನ ಇರುವ ಸಂಖ್ಯೆಯನ್ನು ದೇವರ ಹಾಗೆ ನಂಬುವ ಜಾತಿ. ಆ ಸಂಖ್ಯೆ ಹುಟ್ಟಿದ ಬಗೆಯನ್ನು ಹುಡುಕಿ ತಿಳಿದುಕೊಂಡೆ. ಪುಣೆಯಲ್ಲಿ ಕಾರುಗಳ ಮೈಲೇಜ್ ಪರೀಕ್ಷಿಸುವ ಎಆರ್‌ಎಐ ಎಂಬ ಸಂಸ್ಥೆ ಇದೆ. ಇಂಥ ಪರೀಕ್ಷೆಗೆ ಕಾರನ್ನು ರಸ್ತೆಗೇ ಇಳಿಸುವುದಿಲ್ಲ. ಪ್ರಯೋಗಾಲಯದಲ್ಲಿ ರೋಲರುಗಳ ಮೇಲೆ ಚಕ್ರ ಇರಿಸಿ, ನಿಂತಲ್ಲೇ ಸುಮಾರು 20 ನಿಮಿಷ ಓಡಿಸುತ್ತಾರೆ. ಸರಾಸರಿ ವೇಗ ಗಂಟೆಗೆ 32 ಕಿ.ಮೀ. ಆಸುಪಾಸು, ಏರಿದರೆ 90. ಎಸಿ ಹಾಕುವಂತಿಲ್ಲ. ಅಲ್ಲಿ ಹಂಪ್ ಇಲ್ಲ, ಎಮ್ಮೆ ಇಲ್ಲ, ಬೇಲೂರು ರಸ್ತೆಯಲ್ಲಿ ಸಂತೆ ಮುಗಿಸಿ ಬರುವ ಟ್ರ್ಯಾಕ್ಟರ್ ಇಲ್ಲ. ಮುಖ್ಯವಾಗಿ ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ ಇಲ್ಲ, ಅವರ ತೊಡೆಯ ಮೇಲೆ ಹಲಸಿನಹಣ್ಣು ಇಲ್ಲ. ಎಲ್ಲ ಕಾರುಗಳನ್ನೂ ಒಂದೇ ಅಳತೆಯಲ್ಲಿ ತೂಗಲಿಕ್ಕೆ ಅದು ಬೇಕು, ಸರಿ. ಆದರೆ ನಾನು ಅದನ್ನು ನನಗೆ ಬಂದ ಸವಾಲು ಎಂದುಕೊಂಡೆ. ಪುಣೆಯವನಿಗೆ ಆಗುವುದು ಹಾಸನದವನಿಗೆ ಯಾಕೆ ಆಗಬಾರದು?

ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಗೆರೆ ಎಳೆದೆ. ತಾರೀಕು, ಮೀಟರ್ ರೀಡಿಂಗ್, ಪೆಟ್ರೋಲ್, ಭಾಗಾಕಾರ, ಷರಾ. ಫುಲ್ ಟ್ಯಾಂಕಿಂದ ಫುಲ್ ಟ್ಯಾಂಕಿಗೆ ಲೆಕ್ಕ. ಹಾಕಿಸಿದೆ, ಓಡಿಸಿದೆ, ಮತ್ತೆ ಹಾಕಿಸಿದೆ, ಭಾಗಿಸಿದೆ. ಬಂದದ್ದು ಹದಿನೇಳು ಚಿಲ್ಲರೆ. ಅವತ್ತು ರಾತ್ರಿ ಊಟ ಸೇರಲಿಲ್ಲ. “ಮಗಳು ಎಸ್‌ಎಸ್‌ಎಲ್‌ಸಿಯಲ್ಲಿ ಕಡಿಮೆ ನಂಬರ್ ತೆಗೆದಾಗಲೂ ನೀವು ಇಷ್ಟು ಕಂಗೆಟ್ಟಿರಲಿಲ್ಲ” ಎಂದಳು ನನ್ನಾಕೆ.

ತಪ್ಪು ಲೆಕ್ಕದಲ್ಲಿದೆ, ಕಾರಿನಲ್ಲಿಲ್ಲ ಎಂಬುದು ನನ್ನ ಸಿದ್ಧಾಂತ. ಟ್ಯಾಂಕು ನಿಜವಾಗಿ ತುಂಬುತ್ತಿಲ್ಲ, ಒಳಗೆ ಗಾಳಿ ಸಿಕ್ಕಿಕೊಳ್ಳುತ್ತಿದೆ. ಹಾಗಾಗಿ ಮುಂದಿನ ಸಲ ಬಂಕಿನಲ್ಲಿ ನಾಜಲ್ ಟಪ್ಪೆಂದು ತಾನಾಗಿ ನಿಂತಮೇಲೂ ಹುಡುಗನಿಗೆ, “ಇನ್ನೂ ಹಾಕಪ್ಪಾ” ಎಂದೆ. “ಆಟೊ ಕಟ್ ಆಯ್ತು ಸಾರ್.” “ಆಗಲಿ, ಸ್ವಲ್ಪ ಅಲ್ಲಾಡಿಸ್ತೀನಿ, ಇಳಿಯುತ್ತೆ.” ಕಾರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಹಿಂದೆ ಹೋಗಿ ಡಿಕ್ಕಿಗೆ ಎರಡೂ ಕೈ ಕೊಟ್ಟು ಹಿಂದೆ ಮುಂದೆ ತೂಗಿದೆ. ನನ್ನಾಕೆ ಒಳಗೇ ಕೂತಿದ್ದಳು, ತೊಟ್ಟಿಲಲ್ಲಿ ಕೂತವಳಂತೆ ಅವಳೂ ತೂಗಿದಳು. ಗುಳುಗುಳು ಸದ್ದು ಬಂತು. ಇನ್ನಷ್ಟು ಹೋಯಿತು. ಮತ್ತೆ ತೂಗಿದೆ.

ನಮ್ಮ ಹಾಸನದ ಜನ ಒಳ್ಳೆಯವರು. ಮುದುಕನೊಬ್ಬ ಒಬ್ಬನೇ ಕಾರು ತಳ್ಳುತ್ತಿರುವುದನ್ನು ನೋಡಿಕೊಂಡು ಸುಮ್ಮನಿರುವವರಲ್ಲ. ಬೈಕಿಗೆ ಪೆಟ್ರೋಲ್ ಹಾಕಿಸಲು ಬಂದಿದ್ದ ಇಬ್ಬರು ಹುಡುಗರು, ಟಯರಿಗೆ ಗಾಳಿ ತುಂಬಿಸುತ್ತಿದ್ದ ಆಟೊದವನು, “ಬಿಡಿ ಸಾರ್, ನೀವು ಸ್ಟೇರಿಂಗ್ ಹಿಡ್ಕಳಿ” ಎನ್ನುತ್ತ ಓಡಿಬಂದರು. ಬೇಡ ಬೇಡ ಎನ್ನುವುದರೊಳಗೆ ಒಂದೇ ದಮ್ಮಿಗೆ ನೂಕಿಯೇಬಿಟ್ಟರು. ಹಗುರ ಕಾರು. ಖಾಲಿ ಕಾರಿನ ತೂಕ ಏಳು ಕ್ವಿಂಟಲ್ ಆಚೀಚೆ, ಮೂವರು ನೂಕಿದರೆ ಕೇಳಬೇಕೆ? ಸ್ಟೇರಿಂಗಿನಲ್ಲಿ ಯಾರೂ ಇಲ್ಲ, ಪಕ್ಕದಲ್ಲಿ ನನ್ನಾಕೆ. ಪೆಟ್ರೋಲ್ ಮುಚ್ಚಳ ತೆರೆದೇ ಇದೆ. ಬಂಕಿನ ಹುಡುಗ ನಾಜಲ್ ಕಿತ್ತುಕೊಂಡದ್ದು ನಮ್ಮ ಪುಣ್ಯ. ಅವನು “ದುಡ್ಡು! ದುಡ್ಡು!” ಎಂದು ಕೂಗಿದ್ದನ್ನು ಆಟೊದವನು ಹುರಿದುಂಬಿಸುವುದು ಎಂದುಕೊಂಡು ಇನ್ನೊಂದು ನೂಕು ಕೊಟ್ಟ. ನನ್ನಾಕೆ ಹ್ಯಾಂಡ್‌ಬ್ರೇಕ್ ಎಳೆದಾಗ ಕಾರು ಗಾಳಿ ತುಂಬುವ ಯಂತ್ರದ ಮುಂದೆ ನಿಂತಿತ್ತು. ಮೂವರೂ ಬೆವರು ಒರೆಸಿಕೊಳ್ಳುತ್ತ, “ಈಗ ಕೀ ತಿರುಗ್ಸಿ ಸಾರ್” ಎಂದರು. ತಿರುಗಿಸಿದೆ. ಹೊತ್ತಿಕೊಂಡಿತು, ಅದು ಯಾವಾಗ ಹೊತ್ತಿಕೊಂಡಿಲ್ಲ? ಮೂವರ ಮುಖದಲ್ಲೂ ನನಗೆ ಬಹಳ ಪರಿಚಿತವಾದ ಧನ್ಯತೆ ಮೂಡಿತು. ನಿಜ ಹೇಳಲು ಮನಸ್ಸು ಬರಲಿಲ್ಲ. ಥ್ಯಾಂಕ್ಸ್ ಹೇಳಿ ಟೀ ಕುಡಿಸಿದೆ. ಉಳಿದಿದ್ದ ಪೆಟ್ರೋಲ್ ದುಡ್ಡು ಟೀಗೆ ಹೋಯಿತು.

ಟ್ಯಾಂಕಿನ ಕತ್ತಿನವರೆಗೆ ಪೆಟ್ರೋಲ್ ತುಂಬಬಾರದಂತೆ. ಬಿಸಿಲಿಗೆ ಪೆಟ್ರೋಲ್ ಹಿಗ್ಗಲು ಜಾಗ ಬೇಕು. ಅದರ ಆವಿಯನ್ನು ಹಿಡಿದಿಡಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ, ಅದರೊಳಗೆ ದ್ರವವೇ ಇಳಿದರೆ ಡಬ್ಬಿ ಕೆಡುತ್ತದೆ. ಇದನ್ನು ನನಗೆ ಹೇಳಿದವನು ನಮ್ಮ ಮೆಕ್ಯಾನಿಕ್, ಅವನು ನನ್ನ ಹಳೆಯ ವಿದ್ಯಾರ್ಥಿ. ಎಂಟನೇ ತರಗತಿಯಲ್ಲಿ ಅವನ ಗಣಿತದ ಉತ್ತರಪತ್ರಿಕೆಗೆ ನಾನು ಕೊಟ್ಟದ್ದು ಹನ್ನೊಂದು. ಅವನು ಅದನ್ನು ಮರೆತಿಲ್ಲ ಎಂಬುದು ಅವನು ‘ಸಾರ್’ ಎನ್ನುವ ಧಾಟಿಯಲ್ಲೇ ತಿಳಿಯುತ್ತದೆ.

ಭಾರ ಇಳಿಸಿದರೆ ಮೈಲೇಜ್ ಏರುತ್ತದೆ ಎಂದು ಓದಿ ಸ್ಟೆಪ್ನಿ, ಜಾಕಿ, ಸ್ಪ್ಯಾನರ್ ಎಲ್ಲ ತೆಗೆದು ಅಟ್ಟಕ್ಕೆ ಹಾಕಿದೆ. ಆ ಜಾಗಕ್ಕೆ ಅತ್ತೆಮನೆಯಿಂದ ಎರಡು ಡಜನ್ ತೆಂಗಿನಕಾಯಿ ಬಂತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಂಕ್ಚರ್ ಆದಾಗ ತೆಂಗಿನಕಾಯಿ ಪ್ರಯೋಜನಕ್ಕೆ ಬರುವುದಿಲ್ಲ, ಒಡೆದು ಕುಡಿಯಬಹುದು ಅಷ್ಟೇ.

ನಮ್ಮ ಅತ್ತೆಮನೆ ಬೆಳ್ತಂಗಡಿ ಕಡೆ. ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದರೆ ಉಜಿರೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಘಾಟಿ ಇಳಿದವರು ನಮ್ಮ ವಂಶದಲ್ಲಿಲ್ಲ. ಆ ಸಲ ಅತ್ತೆಯವರನ್ನು ಊರಿಗೆ ಬಿಡಲು ಹೊರಟಿದ್ದೆವು. ದೋಸೆ ತಿನ್ನುತ್ತಿದ್ದಾಗ ನನಗೊಂದು ಮಹತ್ತರ ಆಲೋಚನೆ ಹೊಳೆಯಿತು. ಮುಂದಿರುವುದು ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಬರೀ ಇಳಿಜಾರು. ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಭೂಮಿತಾಯಿಯೇ ಎಳೆದುಕೊಳ್ಳುತ್ತಾಳೆ. ನಮ್ಮಪ್ಪ ತಮ್ಮ ಸೆಕೆಂಡ್‌ಹ್ಯಾಂಡ್ 800ನ್ನು ಹೀಗೇ ಇಳಿಸುತ್ತಿದ್ದರು. ಲೀಟರಿಗೆ ಇಪ್ಪತ್ತೆರಡು ಮುಕ್ಕಾಲು ಏನು, ಇವತ್ತು ಮೂವತ್ತು ಮುಟ್ಟಿಸಿ ತಹಶೀಲ್ದಾರರ ಮುಂದೆ ನೋಟ್‌ಬುಕ್ ಬಿಚ್ಚಿಡುತ್ತೇನೆ!

ಮೊದಲ ಕೆಲವು ತಿರುವು ಸ್ವರ್ಗ. ಎಂಜಿನ್ನಿನ ಸದ್ದೇ ಇಲ್ಲ, ಗಾಳಿಯ ಸದ್ದಷ್ಟೆ. ಬಲಕ್ಕೆ ಬಂಡೆ, ಎಡಕ್ಕೆ ಮಂಜು ತುಂಬಿದ ಕಣಿವೆ. ಕಾರು ತನ್ನಷ್ಟಕ್ಕೆ ವೇಗ ಹೆಚ್ಚಿಸಿಕೊಳ್ಳುತ್ತಿತ್ತು, ನಾನು ಬ್ರೇಕ್ ಒತ್ತುತ್ತಿದ್ದೆ. ತಿರುವು, ಬ್ರೇಕ್. ಎದುರಿಗೆ ಬಸ್ಸು, ಬ್ರೇಕ್. ಕೋತಿ, ಬ್ರೇಕ್. ಜಲಪಾತದ ಮುಂದೆ ಸೆಲ್ಫಿಗೆ ನಿಂತವರು, ಬ್ರೇಕ್.

“ಎಂಥದೋ ಕರಟಿದ ವಾಸನೆ ಬರ್ತಾ ಉಂಟಲ್ಲ?” ಎಂದರು ಅತ್ತೆ.

“ಹೊರಗಡೆ ಯಾರೋ ಕಸ ಸುಡ್ತಿರಬೇಕು ಅತ್ತೆ.”

“ಈ ಕಾಡಿನಲ್ಲಿ ಕಸ ಸುಡುವವರು ಯಾರು ಮಾರಾಯ್ರೆ?”

ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಯಾವತ್ತೂ ಅರ್ಧ ಒತ್ತಿದರೆ ಹಿಡಿಯುತ್ತಿದ್ದ ಪೆಡಲು ಈಗ ಕಾಲ ಕೆಳಗೆ ಮೆತ್ತಗೆ ಇಳಿಯುತ್ತಿತ್ತು. ಒತ್ತಿದಷ್ಟೂ ಒಳಗೆ ಹೋಗುತ್ತದೆ, ಕಾರು ಮಾತ್ರ ನಿಧಾನವಾಗುವುದಿಲ್ಲ. ಅಂಗಾಲಿನಿಂದ ತಲೆಯವರೆಗೆ ಒಂದು ತಣ್ಣನೆಯ ಗಣಿತ ಹರಿಯಿತು. ಎದುರಿಗೆ ಅಣ್ಣಪ್ಪಸ್ವಾಮಿಯ ಗುಡಿ ಕಂಡಿತು. ಘಾಟಿಯಲ್ಲಿ ಓಡಾಡುವ ವಾಹನದವರೆಲ್ಲ ಕೈಮುಗಿದು ಹೋಗುವ ಜಾಗ. ಗೇರನ್ನು ಹೇಗೆ ಎರಡಕ್ಕೆ ತುರುಕಿದೆನೋ, ಹ್ಯಾಂಡ್‌ಬ್ರೇಕ್ ಯಾವಾಗ ಎಳೆದೆನೋ ನೆನಪಿಲ್ಲ. ಎಂಜಿನ್ ಕಿರುಚಿತು, ಕಾರು ಗುಡಿಯ ಮುಂದೆ ನಿಂತಿತು. ನಾನು ಇಳಿದವನೇ ಚಪ್ಪಲಿ ಬಿಟ್ಟು ಓಡಿ ಗುಡಿಯ ಮುಂದೆ ಉದ್ದಂಡ ಅಡ್ಡಬಿದ್ದೆ. ಕಾಲಲ್ಲಿ ಶಕ್ತಿ ಇರಲಿಲ್ಲ, ಅದಕ್ಕೆ. ಹಿಂದಿನಿಂದ ಅತ್ತೆಯವರ ದನಿ ಕೇಳಿಸಿತು, ಮಗಳಿಗೆ ಹೇಳುತ್ತಿದ್ದರು: “ನಾನು ಅಂದುಕೊಂಡ ಹಾಗಲ್ಲ ಕಣೇ, ನಿನ್ನ ಗಂಡನಿಗೆ ಭಕ್ತಿ ಉಂಟು.”

ಹಿಂದೆಯೇ ಬರುತ್ತಿದ್ದ ತರಕಾರಿ ಪಿಕಪ್‌ನ ಡ್ರೈವರ್ ಕಾಣಿಕೆ ಹಾಕಲು ಇಳಿದವನು ನಮ್ಮ ಮುಂಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮೂಸಿದ. ಡಿಸ್ಕಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. “ನ್ಯೂಟ್ರಲ್ಲಾ?” ಎಂದ. ನಾನು ಮಾತಾಡಲಿಲ್ಲ. “ಎಂಜಿನ್ ಆಫ್ ಮಾಡ್ಲಿಲ್ಲ ಅಲ್ವಾ? ಆಫ್ ಮಾಡಿದ್ರೆ ಬ್ರೇಕು ಕಲ್ಲಾಗ್ತದೆ ಮಾರಾಯ್ರೆ, ಎರಡು ಸಲ ಒತ್ತಿದ್ಮೇಲೆ ನೀವು ನಿಂತು ತುಳಿದ್ರೂ ಹಿಡಿಯುದಿಲ್ಲ. ಹತ್ತುವಾಗ ಯಾವ ಗೇರೋ ಇಳಿಯುವಾಗ ಅದೇ ಗೇರು. ಅಷ್ಟೇ. ಎಂತ ಕೆಲಸ ನಿಮ್ದು?” “ಮೇಷ್ಟ್ರು.” “ಹಾಗೆ ಹೇಳಿ” ಎಂದು ಎದ್ದ. ನೀರು ಹುಯ್ಯಬೇಡಿ, ತಾನಾಗಿ ಆರಲಿ ಎಂದು ಎಚ್ಚರಿಸಿ, ಹೋಗುವ ಮುಂಚೆ ಅತ್ತೆಯವರ ಕೈಗೆ ನಾಲ್ಕು ಸೌತೆಕಾಯಿ ಕೊಟ್ಟ. ನಾವು ಅದನ್ನು ತಿನ್ನುತ್ತ ಒಂದು ಗಂಟೆ ದೇವರ ಸನ್ನಿಧಿಯಲ್ಲಿ ಕೂತೆವು.

ಬ್ರೇಕು ಸುಟ್ಟದ್ದು ಹೋಗಲಿ, ಪೆಟ್ರೋಲಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಹಾಸನಕ್ಕೆ ಬಂದಮೇಲೆ ಮೆಕ್ಯಾನಿಕ್ ಅದನ್ನೂ ಕಿತ್ತುಕೊಂಡ. “ಸಾರ್, ನಿಮ್ಮ ತಂದೆಯವರದ್ದು ಕಾರ್ಬುರೇಟರ್ ಗಾಡಿ. ಇದು ಇಂಜೆಕ್ಷನ್. ಗೇರಲ್ಲಿದ್ದು ಆಕ್ಸಲರೇಟರಿಂದ ಕಾಲು ತೆಗೆದ್ರೆ ಇಳಿಜಾರಲ್ಲಿ ಚಕ್ರಾನೇ ಎಂಜಿನ್ ತಿರುಗಿಸುತ್ತೆ, ಇಸಿಯು ಪೆಟ್ರೋಲ್ ಪೂರ್ತಿ ನಿಲ್ಲಿಸಿಬಿಡುತ್ತೆ. ಸೊನ್ನೆ. ನ್ಯೂಟ್ರಲ್ಲಲ್ಲಿ ಎಂಜಿನ್ ಆರಬಾರದಲ್ಲ, ಅದಕ್ಕೆ ಒಂದೇ ಸಮ ಪೆಟ್ರೋಲ್ ಹೋಗ್ತಾ ಇರುತ್ತೆ. ನೀವು ಗೇರಲ್ಲಿ ಇಳಿದಿದ್ರೆ ಪೆಟ್ರೋಲೂ ಉಳೀತಿತ್ತು, ಪ್ಯಾಡೂ ಉಳೀತಿತ್ತು.” ಆಮೇಲೆ ಬಿಲ್ ಬರೆಯುತ್ತ, ತಲೆ ಎತ್ತದೆ, “ಸೊನ್ನೆಗಿಂತ ಕಮ್ಮಿ ಇಲ್ಲ ಅಂತ ನೀವೇ ಹೇಳಿಕೊಟ್ಟಿದ್ರಿ ಸಾರ್” ಎಂದ. ಋಣ ಸಂಖ್ಯೆಯ ಪಾಠಕ್ಕೆ ಅವನು ಬಂದಿರಲಿಲ್ಲ ಅಂತ ಕಾಣುತ್ತದೆ. ಇಲ್ಲದಿದ್ದರೆ ನನ್ನ ಲೆಕ್ಕ ಎಲ್ಲಿಗೆ ಇಳಿದಿದೆ ಎಂದು ಸರಿಯಾಗಿ ಹೇಳುತ್ತಿದ್ದ.

ಪ್ಯಾಡ್, ಬ್ರೇಕ್ ಆಯಿಲ್, ಕೂಲಿ ಎಲ್ಲ ಸೇರಿದ ಬಿಲ್ಲನ್ನು ನನ್ನಾಕೆ ನೋಟ್‌ಬುಕ್ಕಿನ ಪಕ್ಕ ಇಟ್ಟುಕೊಂಡು ಕೂತಳು. ಅವಳು ಓದಿದ್ದು ಕಾಮರ್ಸ್. “ರೀ, ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿಸ್ತೀವಿ ಅಂತಿಟ್ಕೊಳ್ಳಿ. ಹದಿನೆಂಟು ಕೊಟ್ರೆ ಎಷ್ಟು ಲೀಟರ್?” “555.” “ಹತ್ತೊಂಬತ್ತು ಕೊಟ್ರೆ?” “526.” “ಅಂದ್ರೆ ಇಪ್ಪತ್ತೊಂಬತ್ತು ಲೀಟರ್. ಲೀಟರ್ ನೂರು ರೂಪಾಯಿ ಅಂದ್ರೂ ವರ್ಷಕ್ಕೆ ಮೂರು ಸಾವಿರಾನೂ ಇಲ್ಲ. ಈ ಬಿಲ್ ನೋಡಿ.” ಪಂಕ್ಚರ್ ದಿನದ ಟ್ಯಾಕ್ಸಿ ಬಾಡಿಗೆ, ಬಂಕಿನ ಟೀ, ಎಲ್ಲ ಕೂಡಿಸಿ ಕೆಳಗೆ ಎರಡು ಗೆರೆ ಎಳೆದಳು. ಕಾಮರ್ಸಿನವರು ಎರಡು ಗೆರೆ ಎಳೆದರೆ ಮುಗಿಯಿತು, ಅಪೀಲಿಲ್ಲ.

ಇಷ್ಟಾದಮೇಲೆ ಬುದ್ಧಿ ಬರಬೇಕಿತ್ತು. ಆದರೆ ಷಡ್ಡಕರ ಮಗಳ ಮದುವೆ ಬಂತು, ಮಂಗಳೂರಿನಲ್ಲಿ, ಅದೂ ಏಪ್ರಿಲ್ ತಿಂಗಳಲ್ಲಿ.

ಎಸಿ ಹಾಕಿದರೆ ಅದರ ಕಂಪ್ರೆಸರನ್ನು ಎಂಜಿನ್ನೇ ತಿರುಗಿಸಬೇಕು, ಸಣ್ಣ ಎಂಜಿನ್ನಿಗೆ ಆ ಹೊರೆ ಎದ್ದು ಕಾಣುತ್ತದೆ. ಎಸಿ ಬೇಡವೆಂದು ಹೈವೇಯಲ್ಲಿ ಕಿಟಕಿ ಇಳಿಸಿದರೆ ಗಾಳಿ ಒಳನುಗ್ಗಿ ಕಾರನ್ನು ಹಿಂದಕ್ಕೆ ಹಿಡಿಯುತ್ತದೆ. ಎರಡೂ ಸತ್ಯ. ಎರಡೂ ಸತ್ಯವಾದ್ದರಿಂದ ನಾನು ಎರಡನ್ನೂ ಪಾಲಿಸಿದೆ. ಎಸಿಯೂ ಇಲ್ಲ, ಕಿಟಕಿಯೂ ಇಲ್ಲ. ಹೆಂಡತಿ ಮಗಳು ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿದ್ದರು, ತಡೆಯುವವರು ಇರಲಿಲ್ಲ. ಗುರುವಾಯನಕೆರೆ ದಾಟುವಾಗ ಬನಿಯನ್ ಒದ್ದೆ. ಬಿ.ಸಿ.ರೋಡಿನಲ್ಲಿ ರೇಷ್ಮೆ ಶರ್ಟು ಒದ್ದೆ. ಪಂಪ್‌ವೆಲ್ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಪಕ್ಕದ ಬಸ್ಸಿನ ಹೆಂಗಸೊಬ್ಬಳು ಗಾಜಿನೊಳಗಿನ ನನ್ನನ್ನು ಮಗುವಿಗೆ ತೋರಿಸಿದಳು. ಮದುವೆ ಹಾಲಿನ ಮುಂದೆ ಇಳಿದಾಗ ಹುಬ್ಬಿನಿಂದ ಬೆವರು ತೊಟ್ಟಿಕ್ಕುತ್ತಿತ್ತು, ಮುಖ ಬಿಳಿಚಿತ್ತು, ಕನ್ನಡಕ ಮಂಜಾಗಿತ್ತು. ಪನ್ನೀರು ಚಿಮುಕಿಸಲು ನಿಂತಿದ್ದ ಹುಡುಗಿ ನನ್ನನ್ನು ನೋಡಿ ಕೈ ಹಿಂದಕ್ಕೆಳೆದುಕೊಂಡಳು.

“ಏನಾಯ್ತು ಭಾವ?” ಎಂದು ಭಾವಮೈದ ಓಡಿಬಂದ. ‘ಕಾರಲ್ಲಿ ತುಂಬ ಸೆಕೆ’ ಎನ್ನಲು ಹೋದೆ. ಗಂಟಲು ಒಣಗಿ ಮಾತು ಬರಲಿಲ್ಲ, ಒದ್ದೆ ಶರ್ಟನ್ನು ಎದೆಯಿಂದ ಬಿಡಿಸಿಕೊಳ್ಳಲು ಕೈ ಎಡ ಎದೆಗೆ ಹೋಯಿತು. ಅಷ್ಟೇ ಸಾಕಾಯಿತು. “ಹಾರ್ಟು! ಹಾರ್ಟು!” ಎಂದು ಯಾರೋ ಕೂಗಿದರು. ಕುರ್ಚಿ ಬಂತು, ನನ್ನನ್ನು ಕೂರಿಸಿದರು. ಕುರ್ಚಿ ಸಮೇತ ಎತ್ತಿದರು. ಧಾರೆ ಎರೆಯುತ್ತಿದ್ದ ಷಡ್ಡಕರು ಕಳಶ ಹಿಡಿದುಕೊಂಡೇ, “ನನ್ನ ಗಾಡಿ ತಗೊಳ್ಳಿ, ದೊಡ್ಡದು, ಮಲಗಿಸಬಹುದು!” ಎಂದು ಮಂಟಪದಿಂದಲೇ ಆಜ್ಞೆ ಮಾಡಿದರು. ವಧೂವರರಿಗೆಂದು ಮಲ್ಲಿಗೆ ಸುತ್ತಿಸಿಕೊಂಡಿದ್ದ ದೊಡ್ಡ ಗಾಡಿಯಲ್ಲಿ ನನ್ನನ್ನು ಮಲಗಿಸಿದರು. ಭಾವಮೈದ ಬಟನ್ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಕೀಲಿ ಕಾಣುತ್ತಿಲ್ಲ ಎಂದು ಗಾಡಿ ಪರದೆಯ ಮೇಲೆ ಬರೆದು ತೋರಿಸಿತು. ಕೀಲಿ ಅವನ ಕೈಯಲ್ಲೇ ಇತ್ತು. ಕೀಲಿಯೊಳಗಿನ ಸಣ್ಣ ಬ್ಯಾಟರಿ ಖಾಲಿಯಂತೆ. ಮಾವಂದಿರು, ಚಿಕ್ಕಪ್ಪಂದಿರು ಒಬ್ಬೊಬ್ಬರಾಗಿ ಬಗ್ಗಿ ಬಟನ್ ಒತ್ತಿ ನೋಡಿದರು. ಹೂವಿನ ಪರಿಮಳದ ನಡುವೆ ನಾನು ಅಂಗಾತ ಮಲಗಿ ಇದನ್ನೆಲ್ಲ ನೋಡುತ್ತಿದ್ದೆ.

“ಚಿಕ್ಕ ಕಾರಲ್ಲಿ ಹಾಕಿ!” ಎಂದಳು ನನ್ನ ಮಗಳು. ನನ್ನನ್ನು ಇಳಿಸಿ ಆಲ್ಟೊದ ಹಿಂದಿನ ಸೀಟಿಗೆ ಮಡಚಿ ಹಾಕಿದರು. ಅವಳೇ ಓಡಿಸಿದಳು. ಹತ್ತಿದವಳೇ ಮಾಡಿದ ಮೊದಲ ಕೆಲಸ ಎಸಿಯನ್ನು ನಾಲ್ಕಕ್ಕೆ ತಿರುಗಿಸಿದ್ದು. ನಾನು ಇದ್ದ ಶಕ್ತಿಯನ್ನೆಲ್ಲ ಕೂಡಿಸಿ, “ಎರಡು... ಎರಡು ಸಾಕು...” ಎಂದೆ. ನನ್ನಾಕೆ ಅಳುತ್ತ, “ಏನೇನೋ ಬಡಬಡಿಸ್ತಿದ್ದಾರೆ, ಬೇಗ ಹೋಗೇ” ಎಂದಳು. ಐದು ನಿಮಿಷದ ತಂಪಿಗೆ ನನಗೆ ಪೂರ್ತಿ ಗುಣವಾಗಿತ್ತು. ಆದರೆ ಹಾಗೆಂದು ಹೇಳಲು ಈಗ ಧೈರ್ಯ ಸಾಲಲಿಲ್ಲ.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಚಿಕ್ಕ ವಯಸ್ಸಿನ ಡಾಕ್ಟರು ಕಾಗದ ನೋಡಿ, “ಏನೂ ತೊಂದ್ರೆ ಇಲ್ಲ. ಮೈಯಲ್ಲಿ ನೀರು ಕಮ್ಮಿಯಾಗಿದೆ, ಅಷ್ಟೇ. ಬಿಸಿಲಲ್ಲಿ ನಡ್ಕೊಂಡು ಬಂದ್ರಾ?” ಎಂದರು. ಮಗಳು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಡಾಕ್ಟರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ನಾಳೆಯಿಂದ ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುತ್ತಾರೆಂದುಕೊಂಡೆ.

“ಯಾವ ಕಾರು?”

“ಆಲ್ಟೊ.”

“ಹೌದಾ! ನಾನೂ ನೋಡ್ತಾ ಇದ್ದೇನೆ ಒಂದು. ಎಷ್ಟು ಕೊಡ್ತದೆ?”

ನಾನು ಬಾಯಿ ತೆರೆಯುವ ಮುಂಚೆ ನನ್ನಾಕೆ ಕಣ್ಣೀರು ಒರೆಸಿಕೊಂಡು ಹೇಳಿದಳು: “ಎಸಿ ಹಾಕಿದ್ರೆ ಹದಿನೆಂಟು ಡಾಕ್ಟ್ರೇ. ಹಾಕದಿದ್ರೆ ಹತ್ತೊಂಬತ್ತು, ಜೊತೆಗೊಂದು ಇಸಿಜಿ.”

ನಾವು ವಾಪಸ್ ಬರುವಾಗ ಕೊನೆಯ ಪಂಕ್ತಿ ನಡೆಯುತ್ತಿತ್ತು. ಒಂದು ಸಮಾಧಾನವಿತ್ತು: ಬಡಿಸುವವರನ್ನು ನಿಲ್ಲಿಸಿ ಹೇಳುವಂಥ ಕಥೆ ಕಡೆಗೂ ನನ್ನ ಕೈಗೆ ಸಿಕ್ಕಿತ್ತು. ಎಲೆಯ ಮುಂದೆ ಕೂತು ಗಂಟಲು ಸರಿಮಾಡಿಕೊಂಡೆ. ಎದುರು ಸಾಲಿನಲ್ಲಿ ಷಡ್ಡಕರು ಆಗಲೇ ಅರ್ಧ ದಾರಿ ಬಂದಿದ್ದರು: “ಒಳಗೆ ಮನುಷ್ಯ ಹೋಗ್ತಾ ಇದ್ದಾನೆ, ಗಾಡಿಗೆ ಕೀಲಿಯದ್ದೇ ಗುರುತು ಸಿಗ್ತಿಲ್ಲ! ಬಟನ್ ಒತ್ತಿದ್ರೆ ಟಿಕ್ ಅಂತಲೂ ಇಲ್ಲ ನೋಡಿ...” ಪಾಯಸದ ಬಕೆಟ್ ಅವರ ಮುಂದೆಯೇ ನಿಂತಿತ್ತು. ನನ್ನ ಹೃದಯಾಘಾತವೂ ಅವರ ಗಾಡಿಯ ಪಾಲಾಯಿತು.

ಮೊನ್ನೆ ಮಗಳು ಗೆಳತಿಯರನ್ನು ಕೂರಿಸಿಕೊಂಡು ಹೊಳೆನರಸೀಪುರದ ಮೇಲೆ ಮೈಸೂರಿಗೆ ಹೋಗಿಬಂದಳು. ಇಡೀ ದಾರಿ ಎಸಿ. ಹಾಡು. ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕಿ ಎಲ್ಲ ಅಟ್ಟದಿಂದ ಇಳಿದು ಬಂದಿದ್ದವು. ಬರುತ್ತ ಅದೇ ಬಂಕಿನಲ್ಲಿ, ನಾಜಲ್ ಟಪ್ಪೆಂದ ಕೂಡಲೇ ನಿಲ್ಲಿಸಿ ಟ್ಯಾಂಕ್ ತುಂಬಿಸಿಕೊಂಡು ಬಂದು ಬಿಲ್ ಕೊಟ್ಟಳು. ಭಾಗಿಸಿದೆ. ಇಪ್ಪತ್ತೊಂದರ ಮೇಲೆ ಬಂತು. ಇನ್ನೊಮ್ಮೆ ಭಾಗಿಸಿದೆ. ಬಂಕಿನ ಮೀಟರ್ ಕೆಟ್ಟಿರಬೇಕು, ಮೈಸೂರು ರಸ್ತೆ ಇಳಿಜಾರಿರಬೇಕು ಎಂದೆ. ಹೋಗಿ ಬರುವ ರಸ್ತೆ ಎರಡೂ ಕಡೆ ಇಳಿಜಾರಿರುವುದು ಹೇಗೆ ಎಂದು ಅವಳು ಕೇಳಿದಳು. “ಏನು ಮಾಡ್ದೆ ನೀನು?” “ಏನೂ ಮಾಡ್ಲಿಲ್ಲಪ್ಪ. ಎಪ್ಪತ್ತರಲ್ಲಿ ಒಂದೇ ಸಮ ಬಂದೆ. ಮುಂದೆ ಹಂಪ್ ಕಂಡ್ರೆ ದೂರದಿಂದಲೇ ಕಾಲು ತೆಗೀತಿದ್ದೆ. ಬ್ರೇಕ್ ಒತ್ತಿದಾಗೆಲ್ಲ ಪೆಟ್ರೋಲ್ ಚೆಲ್ಲಿದ ಹಾಗೆ ಅಂತ ಮೆಕ್ಯಾನಿಕ್ ಅಣ್ಣ ಹೇಳಿದ್ರು.”

ನಾನು ಆ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯದೆ, ಲೆಕ್ಕ ಇನ್ನೂ ಪರಿಶೀಲನೆಯಲ್ಲಿದೆ ಎಂದು ಮುಚ್ಚಿಟ್ಟೆ. ಈವತ್ತು ಬೆಳಿಗ್ಗೆ ತೆರೆದು ನೋಡಿದರೆ ಯಾರೋ ಬರೆದಿದ್ದಾರೆ. ಮಗಳ ಸಾಲಿಗೆ ದೊಡ್ಡದೊಂದು ರೈಟ್ ಗುರುತು. ಮೇಲಿನ ನನ್ನ ಸಾಲುಗಳನ್ನೆಲ್ಲ ಒಂದೇ ಬ್ರಾಕೆಟ್ಟಿಗೆ ಸೇರಿಸಿ, ಷರಾ ಎಂಬ ಕಾಲಮ್ಮಿನಲ್ಲಿ, ನನ್ನದೇ ಕೆಂಪು ಪೆನ್ನಿನಲ್ಲಿ, ನನ್ನಾಕೆಯ ದುಂಡನೆಯ ಅಕ್ಷರ: “ಉತ್ತರ ತಪ್ಪು. ವಿಧಾನವೂ ತಪ್ಪು. ನಾಳೆ ಪೋಷಕರನ್ನು ಕರೆತರುವುದು.”